ಬೀಗದ ಕೈ ಯಾರ ಸೆರಗಿನಲ್ಲಿ?

ನಮ್ಮ ಮಂಡಿ ಮೊಹಲ್ಲಾದ ಹಳೆಯ ಮನೆಗಳ ನಡುಮನೆಯಲ್ಲಿ ಗೋಡೆಗೊಂದು ಕೊಕ್ಕೆ ತಂತಿ ತೂಗುತ್ತಿತ್ತು. ಬಂದ ಕಾಗದ, ದಿನಸಿ ಚೀಟಿ, ಲೈಟ್ ಬಿಲ್ಲು ಎಲ್ಲವನ್ನೂ ಅದಕ್ಕೇ ಚುಚ್ಚುವುದು ವಾಡಿಕೆ. ಇ-ಮೇಲ್ ಪೆಟ್ಟಿಗೆಯೂ ಅದೇ ತಂತಿಯ ವಂಶದ್ದು. ಹೊಸದು ಮೇಲೆ, ಹಳೆಯದು ಕೆಳಗೆ. ಆದರೆ ತಂತಿಯಲ್ಲಿದ್ದುದನ್ನು ಮನೆಯ ಹೆಂಗಸರೂ ಕೈಚಾಚಿ ತೆಗೆದು ಓದಬಹುದಿತ್ತು. ಈಗಿನ ಪೆಟ್ಟಿಗೆಗೆ ಬೀಗವಿದೆ. ಇ-ಮೇಲಿನ ಹೊಸ ಸೌಕರ್ಯಗಳನ್ನು ಬಾಯ್ತುಂಬ ಹೊಗಳುವವರು ಈ ಬೀಗದ ವಿಷಯವನ್ನೇ ಎತ್ತುವುದಿಲ್ಲ ಎಂಬುದು ನನ್ನ ತಕರಾರು.

ಹಾಗೆಂದು ಸೌಕರ್ಯಗಳೆಲ್ಲ ಬರೀ ಥಳುಕಲ್ಲ. ಜಿಮೇಲನ್ನೇ ನೋಡೋಣ. ಕಳಿಸಿದ ಕಾಗದವನ್ನು ಕೆಲವು ಸೆಕೆಂಡಿನೊಳಗೆ, ಹೆಚ್ಚೆಂದರೆ 30ರೊಳಗೆ, ಹಿಂದಕ್ಕೆ ಕರೆಯಬಹುದು. ಮಾತು ಆಡಿದರೆ ಹೋಯಿತು ಎಂಬ ಗಾದೆಗೆ ಅಷ್ಟಾದರೂ ರಿಯಾಯಿತಿ ಸಿಕ್ಕಿತಲ್ಲ! 2018ರಲ್ಲಿ ಬಂದ ‘ಸ್ನೂಜ್’ ಎಂಬುದು ಮರೆಯದಿರಲೆಂದು ಸೆರಗಿಗೆ ಗಂಟು ಹಾಕಿಕೊಂಡ ಹಾಗೆ. 5ನೇ ತಾರೀಕು ಕಟ್ಟಬೇಕಾದ ಫೀಸಿನ ಕಾಗದ ಅಂದು ಬೆಳಿಗ್ಗೆಯೇ ಮತ್ತೆ ಮೇಲೆ ಬಂದು ಕೂರುತ್ತದೆ. ರಾತ್ರಿ ಪಾತ್ರೆ ತೊಳೆದಿಟ್ಟ ಮೇಲೆ ಬರೆದ ಅರ್ಜಿಯನ್ನು ಮರುದಿನ ಕಚೇರಿ ತೆರೆಯುವ ಹೊತ್ತಿಗೆ ಹೋಗುವಂತೆ ಹೇಳಿಡುವುದು 2019ರಿಂದ ಸಾಧ್ಯವಾಗಿದೆ. ಹೆಂಗಸರ ಹೊತ್ತುಗೊತ್ತು ಬಲ್ಲವರು ಮಾಡಿದ್ದೇನೋ ಅನ್ನಿಸುತ್ತದೆ.

ಪೆಟ್ಟಿಗೆ ತುಂಬಿತೆಂದು ಸೀರೆ ಅಂಗಡಿಯ ಜಾಹೀರಾತು ಅಳಿಸುತ್ತ ಮಧ್ಯಾಹ್ನ ಕಳೆಯುವವರಿದ್ದಾರೆ. ಪುಕ್ಕಟೆ ಸಿಗುವ 15 ಜಿಬಿ ಜಾಗದಲ್ಲಿ ಕಾಗದಗಳ ಜೊತೆಗೆ ಫೋಟೋ, ವಿಡಿಯೋಗಳಿಗೂ ಪಾಲಿದೆ. ಬರೀ ಅಕ್ಷರದ ಕಾಗದ ನೂರು ಅಳಿಸಿದರೂ ಮೂಟೆಯಿಂದ ಒಂದು ಹಿಡಿ ಸಾಸಿವೆ ತೆಗೆದಂತೆ. ಮದುವೆಯ ವಿಡಿಯೋ ಎರಡನ್ನು ಬೇರೆ ಕಡೆ ಇಟ್ಟು ತೆಗೆಯಿರಿ, ಹಗುರಾಗುತ್ತದೆ. ಜಾಹೀರಾತಿಗೆ ಮದ್ದು ‘ಅನ್‌ಸಬ್‌ಸ್ಕ್ರೈಬ್’. ರಾಶಿಗಟ್ಟಲೆ ಜಾಹೀರಾತು ಕಳಿಸುವವರು ಅದನ್ನು ಒಂದೇ ಸಲ ಒತ್ತಿದರೆ ಸಾಕೆನ್ನುವಂತೆ ಇಡಬೇಕೆಂದು ಗೂಗಲ್, ಯಾಹೂ ಕಂಪನಿಗಳು 2024ರಲ್ಲಿ ನಿಯಮ ತಂದವು. ಗುರುತೇ ಇಲ್ಲದವರ ಕಾಗದದಲ್ಲಿ ಮಾತ್ರ ಏನನ್ನೂ ಒತ್ತಬೇಡಿ, ಸ್ಪ್ಯಾಮಿಗೆ ತಳ್ಳಿಬಿಡಿ.

ನನಗೆ ಸೇರದ್ದು ಕಾಗದವನ್ನು ತಾನೇ ಬರೆದುಕೊಡುವ ಸೌಕರ್ಯ. ತಾಯಿಯನ್ನು ಕಳೆದುಕೊಂಡ ಗೆಳತಿಗೆ ನಾಲ್ಕು ಸಾಲು ಬರೆಯಲು ನಾಲ್ಕು ಸಲ ಹೊಡೆದು ತಿದ್ದುತ್ತೇವಲ್ಲ, ಆ ತಿಣುಕಾಟವೇ ಕಾಗದದ ಅರ್ಧ ಬೆಲೆ. ಯಂತ್ರ ಬರೆದುಕೊಟ್ಟಿದ್ದನ್ನು ಓದುವಾಗ ಪಕ್ಕದವನ ಉತ್ತರ ನಕಲು ಹೊಡೆದ ಹುಡುಗನ ಮುಖ ನನ್ನ ಕಣ್ಣೆದುರು ಬರುತ್ತದೆ. ಮೇಷ್ಟರಗಿರಿಯ ಚಟ, ಏನು ಮಾಡಲಿ!

ಇನ್ನು ಬೀಗದ ಮಾತು. ಶಾಲೆಗೆ ಮಕ್ಕಳನ್ನು ಸೇರಿಸಲು ಬರುವ ತಾಯಂದಿರು ಅರ್ಜಿಯ ಇ-ಮೇಲ್ ಕಲಮಿನಲ್ಲಿ ಬರೆಯುವುದು ಹೆಚ್ಚಾಗಿ ಗಂಡನ ವಿಳಾಸ, ಇಲ್ಲವೆ ತಮ್ಮನದು. ಬ್ಯಾಂಕು, ವಿಮೆ, ಗ್ಯಾಸಿನ ಕಾಗದಗಳೂ ಅಲ್ಲಿಗೇ. ನಮ್ಮ ಬೀದಿಯ ಒಬ್ಬರ ಯಜಮಾನರು ತೀರಿಕೊಂಡರು. ಪಾಸ್‌ವರ್ಡ್ ಅವರ ತಲೆಯಲ್ಲೇ ಇತ್ತು. ಅದು ಮರೆತಾಗ ಓಟಿಪಿ ಬರುವ ಮೊಬೈಲಿಗೆ ‘ಇನ್ನು ಯಾತಕ್ಕೆ’ ಎಂದು ಮಗ ರೀಚಾರ್ಜ್ ನಿಲ್ಲಿಸಿದ್ದ, ನಂಬರೇ ಹೋಯಿತು. ಪೆಟ್ಟಿಗೆ ಯಾವ ಕಂಪನಿಯದೆಂಬುದು ಮುಖ್ಯವಲ್ಲ. ಹೆಂಡತಿಯ ಕೈಗೆ ಅದು ಸಿಕ್ಕಲಿಲ್ಲ.

ಇದಕ್ಕೂ ಒಂದು ಸೌಕರ್ಯವಿದೆ, 2013ರಿಂದಲೇ ಇದೆ. ಇಷ್ಟು ತಿಂಗಳು ನಾನು ಪೆಟ್ಟಿಗೆ ತೆರೆಯದಿದ್ದರೆ ಇಂಥವರಿಗೆ ತಿಳಿಸಿ, ಇಂಥಿಂಥದನ್ನು ಅವರಿಗೆ ಕೊಡಿ ಎಂದು ಗೂಗಲ್ ಖಾತೆಯಲ್ಲಿ ಮೊದಲೇ ಬರೆದಿಡಬಹುದು. ಮೂರರಿಂದ ಹದಿನೆಂಟು ತಿಂಗಳ ಗಡುವು, ಹತ್ತು ಜನರವರೆಗೆ ಹೆಸರು. ಬ್ಯಾಂಕಿನ ನಾಮಿನಿ ಇದ್ದ ಹಾಗೆ. ಎರಡು ವರ್ಷ ಮುಟ್ಟದ ಖಾತೆಗಳನ್ನು ಅಳಿಸಬಹುದೆಂಬ ನಿಯಮ 2023ರ ಡಿಸೆಂಬರಿನಿಂದ ಜಾರಿಯಾದ ಮೇಲಂತೂ ಇದು ತೀರ ಬೇಕಾದದ್ದು. ಆದರೆ ಬರೆದುಕೊಡುವ ಗುಂಡಿ ಕಣ್ಣಿಗೆ ರಾಚುವಂತಿದ್ದರೆ, ಇದನ್ನು ಖಾತೆಯ ಸೆಟ್ಟಿಂಗ್ಸ್‌ನಲ್ಲಿ, ಡೇಟಾ ಮತ್ತು ಗೌಪ್ಯತೆ ಎಂಬ ಭಾಗದ ತಳದಲ್ಲಿ, ಅಟ್ಟದ ಮೂಲೆಯ ಡಬ್ಬಿಯ ಹಾಗೆ ಇಟ್ಟಿದ್ದಾರೆ. ಸಂಜೆ ಯಜಮಾನರ ಜೊತೆ ಕೂತು ಹುಡುಕಿಸಿ. ಅಪಶಕುನ ಎಂದಾರು, ಎನ್ನಲಿ.

ಆ ನೆರೆಯವರಿಗೆ ವಿಮೆಯ ಹಣ ಮರಣಪತ್ರ ಹಿಡಿದು ತಿಂಗಳುಗಟ್ಟಲೆ ಅಲೆದ ಮೇಲೆ ಬಂತು. ಈಗ ತಮ್ಮ ಹೆಸರಿನಲ್ಲೇ ಒಂದು ವಿಳಾಸ ಮಾಡಿಕೊಂಡಿದ್ದಾರೆ. ಯಜಮಾನರು ತಮ್ಮ ತಂದೆಯ ಕಾಲದ ಮಂಡಿ ವ್ಯಾಪಾರದ ಕತೆಯನ್ನು ದಿನಕ್ಕಿಷ್ಟು ಎಂದು ಡ್ರಾಫ್ಟಿನಲ್ಲಿ ಬರೆದಿಡುತ್ತಿದ್ದರಂತೆ. ಮುಗಿದ ಮೇಲೆ ಓದಿಸುತ್ತೇನೆ ಎಂದಿದ್ದರಂತೆ.