ವಂಶಾಂಶದ ಸಾಕ್ಷ್ಯ, ಭಾಷೆಯ ತೀರ್ಮಾನ

ನರಸಿಂಹನ್ ಮತ್ತು ಸಂಗಡಿಗರು 2019ರಲ್ಲಿ 523 ಪ್ರಾಚೀನ ವ್ಯಕ್ತಿಗಳ ಡಿಎನ್‌ಎ ಪರಿಶೀಲಿಸಿ, ಸ್ಟೆಪಿ ಹುಲ್ಲುಗಾವಲಿನ ವಂಶಾಂಶವು ಕ್ರಿ.ಪೂ. 2000–1500ರ ನಡುವೆ ದಕ್ಷಿಣ ಏಷ್ಯಾವನ್ನು ತಲುಪಿತೆಂದು ತೋರಿಸಿದರು. ಈ ವಲಸೆಯನ್ನು ನಾವು ಒಪ್ಪುತ್ತೇವೆ. ಆದರೆ ಪುರೋಹಿತ ಸಮುದಾಯಗಳಲ್ಲಿ ಆ ಅಂಶ ಹೆಚ್ಚೆಂಬುದನ್ನು ಇಂಡೋ-ಯುರೋಪಿಯನ್ ಪ್ರಸಾರಕ್ಕೂ ಆಧಾರವಾಗಿಸುವಲ್ಲಿ ವಾದ ಸಡಿಲಗೊಳ್ಳುತ್ತದೆ: ಅದು ಗ್ರಂಥಭಾಷೆಯ ಪಾಲಕರನ್ನು ಗುರುತಿಸೀತು, ಜನಸಾಮಾನ್ಯರು ಮಾತು ಬದಲಿಸಿದ ಬಗೆಯನ್ನಲ್ಲ.

ಗೋವೆಯ ಕದಂಬರ ರಾಣಿ ಕಮಲಾದೇವಿ 12ನೆಯ ಶತಮಾನದಲ್ಲಿ ಕಮಲನಾರಾಯಣ ದೇಗುಲ ಕಟ್ಟಿಸಿದ ದೇಗಾಂವವು ಕನ್ನಡದ ಊರು. ಹೆಸರಿನ ‘ಗಾಂವ’ ಮಾತ್ರ ಸಂಸ್ಕೃತದ ‘ಗ್ರಾಮ’ದಿಂದ ಇಳಿದದ್ದು. ಅದರಿಂದ ಊರವರ ವಂಶ ಹೇಳುವ ಧೈರ್ಯ ಯಾರಿಗಿದೆ? ಗಡಿಯಾಚೆ, ಸಾಂಗ್ಲಿ ಬಳಿಯ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದುಗಳ ವಾಕ್ಯರಚನೆ ಬಹುಮಟ್ಟಿಗೆ ಒಂದಾಗಿರುವುದನ್ನು ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ದಾಖಲಿಸಿದರು. ಅಲ್ಲಿ ಮನೆಮಾತುಗಳು ಬೇರೆಯಾಗಿಯೇ ಉಳಿದಿದ್ದವು. ಇಂಥ ದ್ವಿಭಾಷಿಕತೆಯ ಕುರುಹು ಯಾವ ಮೂಳೆಯಲ್ಲೂ ಸಿಗದು.