ಡಿಎನ್‌ಎ ಬರೀ ಅಂಟಲ್ಲ

ನ್ಯಾನೊ ತಂತ್ರಜ್ಞಾನವನ್ನು ಪರಿಚಯಿಸುವ ಬರಹಗಳಲ್ಲಿ ಡಿಎನ್‌ಎಯನ್ನು 'ಅಂಟು' ಎಂದೂ, ಅದರ ನೆರವಿನಿಂದ ಚಿನ್ನದ ಕಣಗಳು 'ತಾವಾಗಿಯೇ' ಜೋಡಣೆಗೊಳ್ಳುತ್ತವೆ ಎಂದೂ ವರ್ಣಿಸುವುದು ವಾಡಿಕೆ. ಓದಲು ಸುಲಭ, ನೆನಪಿಡಲೂ ಸುಲಭ. ಆದರೆ ಈ ಎರಡೂ ಪದಗಳು ವಿಷಯದ ತಿರುಳನ್ನೇ ಮರೆಮಾಡುತ್ತವೆ.

ಮೊದಲು ಪ್ರಯೋಗವನ್ನು ನೋಡೋಣ. 1996ರಲ್ಲಿ ಅಮೆರಿಕದ ಚಾಡ್ ಮಿರ್ಕಿನ್ ಮತ್ತು ಸಂಗಡಿಗರು 13 ನ್ಯಾನೊಮೀಟರ್ ವ್ಯಾಸದ ಚಿನ್ನದ ಕಣಗಳನ್ನು ಎರಡು ಪಾಲು ಮಾಡಿ, ಒಂದೊಂದಕ್ಕೂ ಬೇರೆ ಬೇರೆ ಡಿಎನ್‌ಎ ಎಳೆಗಳನ್ನು ತೊಡಿಸಿದರು. ಎಳೆಯ ತುದಿಯ ಗಂಧಕ ಚಿನ್ನವನ್ನು ಬಿಗಿಯಾಗಿ ಹಿಡಿಯುತ್ತದೆ. ಎರಡೂ ಪಾಲುಗಳಿಗೆ ಹೊಂದುವ ತುದಿಗಳುಳ್ಳ ಕೊಂಡಿ ಡಿಎನ್‌ಎಯನ್ನು ಸೇರಿಸಿದಾಗ ಕಣಗಳು ಗುಂಪುಗೂಡಿದವು. ಕೆಂಪು ದ್ರಾವಣ ನೇರಳೆಗೆ ತಿರುಗಿತು. ಬಿಸಿ ಮಾಡಿದಾಗ ಮತ್ತೆ ಕೆಂಪಾಯಿತು!

ಗಮನಿಸಬೇಕಾದುದು ಈ ಕೊನೆಯ ಸಂಗತಿ. ಕೊಪ್ಪಳ ತಾಲ್ಲೂಕಿನ ಕಿನ್ನಾಳದಲ್ಲಿ ಮರದ ಬೊಂಬೆಗಳಿಗೆ ಹುಣಸೆಬೀಜದ ಅಂಟು ಬಳಸುತ್ತಾರೆ. ಒಮ್ಮೆ ಒಣಗಿತೆಂದರೆ ಮುಗಿಯಿತು. ಸೊಟ್ಟಗೆ ಕೂತ ಕೈ ಸೊಟ್ಟಗೇ ಉಳಿಯುತ್ತದೆ. ಡಿಎನ್‌ಎ ಹಾಗಲ್ಲ. ಅಡಿನೀನ್–ಥೈಮೀನ್ ನಡುವೆ ಎರಡು, ಗ್ವಾನೀನ್–ಸೈಟೊಸೀನ್ ನಡುವೆ ಮೂರು ಹೈಡ್ರೋಜನ್ ಬಂಧಗಳಿವೆ. ಒಂದೊಂದೂ ದುರ್ಬಲ. ಆದ್ದರಿಂದಲೇ ಬೆಸುಗೆ ಬಿಚ್ಚಬಲ್ಲದು.

1996ರ ಗುಂಪುಗಳಲ್ಲಿ ಕ್ರಮಬದ್ಧತೆ ಇರಲಿಲ್ಲ. ಅಚ್ಚುಕಟ್ಟಾದ ಮೂರು ಆಯಾಮದ ಹರಳುಗಳು ದೊರೆತದ್ದು 2008ರಲ್ಲಿ, ಮಿರ್ಕಿನ್ ತಂಡ ಹಾಗೂ ಬ್ರೂಕ್‌ಹೇವನ್ ಪ್ರಯೋಗಾಲಯದ ಓಲೆಗ್ ಗ್ಯಾಂಗ್ ತಂಡಗಳಿಂದ. ಕಣಗಳು ತಾವಾಗಿಯೇ ಜೋಡಣೆಗೊಳ್ಳುವುದಾದರೆ 12 ವರ್ಷ ಏಕೆ ಬೇಕಾಯಿತು? ಬಂಧ ಬಲವಾಗಿದ್ದರೆ ಕಣಗಳು ಮೊದಲು ಸಿಕ್ಕ ಜಾಗದಲ್ಲೇ ಸಿಕ್ಕಿಕೊಳ್ಳುತ್ತವೆ. ಬಂಧ ಬಿಚ್ಚುವ ಉಷ್ಣತೆಯ ಹತ್ತಿರ ಇರಿಸಿದರೆ ತಪ್ಪು ಜೋಡಣೆ ಕಳಚಿ, ಸರಿಯಾದದ್ದು ಉಳಿಯುತ್ತದೆ. ಎಳೆಯ ಅನುಕ್ರಮ, ಉದ್ದ, ಲವಣದ ಪ್ರಮಾಣ, ಉಷ್ಣತೆ ಎಲ್ಲವನ್ನೂ ನಿರ್ಧರಿಸಿದವರು ವಿಜ್ಞಾನಿಗಳೇ. ಮಿರ್ಕಿನ್ ತಂಡ ಎಳೆಯ ಅನುಕ್ರಮವನ್ನಷ್ಟೇ ಬದಲಿಸಿ, ಅದೇ ಚಿನ್ನದ ಕಣಗಳಿಂದ ಎರಡು ಬಗೆಯ ಹರಳುಗಳನ್ನು ಪಡೆಯಿತು.

ಕುಷ್ಟಗಿಗೆ ಹತ್ತಿರದ ಇಳಕಲ್ಲಿನ ನೇಕಾರರು ಸೀರೆಯ ಒಡಲಿನ ಹಾಸನ್ನು ಸೆರಗಿನ ಹಾಸಿಗೆ ಕೊಂಡಿ ಹಾಕಿ ಸೇರಿಸುತ್ತಾರೆ. ಡಿಎನ್‌ಎಗೆ ಅಂಟಿಗಿಂತ ಇದು ಒಳ್ಳೆಯ ಹೋಲಿಕೆ. ಆದರೂ ಇದಕ್ಕೊಂದು ಮಿತಿಯಿದೆ: ತಪ್ಪಿದ ಕೊಂಡಿಯನ್ನು ಬಿಚ್ಚಲು ಅಲ್ಲಿ ನೇಕಾರನ ಕಣ್ಣಿದೆ, ಕೈಯಿದೆ. ದ್ರಾವಣದಲ್ಲಿ ಆ ಕೆಲಸ ಮಾಡುವುದು ಅಣುಗಳ ಕುರುಡು ಅಲುಗಾಟ, ಅಂದರೆ ಉಷ್ಣ.

ಬಿಚ್ಚುವಿಕೆಯ ಉಪಯೋಗಕ್ಕೆ ನಮ್ಮ ರಾಜ್ಯದಲ್ಲೇ ನಿದರ್ಶನವಿದೆ. 2009ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರದಲ್ಲಿ ಯಮುನಾ ಕೃಷ್ಣನ್ ಅವರ ತಂಡ ಆಮ್ಲೀಯತೆಗೆ ತಕ್ಕಂತೆ ಮುಚ್ಚಿ ತೆರೆಯುವ ಡಿಎನ್‌ಎ ಸಾಧನವನ್ನು ಜೀವಕೋಶದೊಳಗೆ ಬಳಸಿ ತೋರಿಸಿತು. ಅಂಟಿನ ಹೋಲಿಕೆಯಿಂದ ಇದನ್ನು ವಿವರಿಸಲು ಸಾಧ್ಯವೇ?

ಗಂಗಾವತಿಯಲ್ಲಾಗಲಿ ಯಲಬುರ್ಗಾದಲ್ಲಾಗಲಿ, ಅಧ್ಯಾಪಕರು ಇದನ್ನು ತೋರಿಸಲು ದುಬಾರಿ ಉಪಕರಣ ಬೇಡ. ಒಂದೇ ಗಾತ್ರದ ಸೈಕಲ್ ಬೇರಿಂಗ್ ಗುಂಡುಗಳನ್ನು ಸ್ವಲ್ಪ ಓರೆಯಾಗಿಸಿದ ಚಪ್ಪಟೆ ತಟ್ಟೆಗೆ ಸುರಿಯಿರಿ. ನಡುನಡುವೆ ಖಾಲಿ ಜಾಗ ಉಳಿಯುತ್ತದೆ. ಮೆಲ್ಲಗೆ ತಟ್ಟುತ್ತಾ ಹೋಗಿ. ಜಾಗ ತುಂಬಿ, ಒಳಗಿನ ಬಹುಪಾಲು ಗುಂಡುಗಳ ಸುತ್ತ ಆರಾರು ಗುಂಡುಗಳು ಕೂರುತ್ತವೆ. ಜೋರಾಗಿ ಕುಲುಕಿದರೆ ಎಲ್ಲವೂ ಚದುರುತ್ತದೆ. ಡಿಎನ್‌ಎಯ ಆಯ್ಕೆಯ ಗುಣ ಇದರಲ್ಲಿಲ್ಲ. ಹದವಾದ ಅಲುಗಾಟದ ಪಾತ್ರ ಮಾತ್ರ ಕಾಣುತ್ತದೆ. ಬಳಿಕ ವಿದ್ಯಾರ್ಥಿಗಳಿಗೆ 'ಕಣಗಳನ್ನು ಜೋಡಿಸುವುದು ಯಾವುದು?' ಎಂದು ಕೇಳಿ ನಿಲ್ಲಿಸಬೇಡಿ. 'ತಪ್ಪಾಗಿ ಜೋಡಿಸಿದ್ದನ್ನು ಬಿಚ್ಚುವುದು ಯಾವುದು?' ಎಂದೂ ಕೇಳಿ.