ಆರಕ್ಷರದ ಊರು, ಹನ್ನೊಂದು ಪ್ರಶ್ನೆಚಿಹ್ನೆ

ಚಿಕ್ಕಮಗಳೂರು ಜಿಲ್ಲೆಯ ಚೌಳಹಿರಿಯೂರಿನ ಹೆಸರು ಬರೆಯಲು ಆರು ಅಕ್ಷರ ಸಾಕು. ಯುನಿಕೋಡ್ ಲೆಕ್ಕದಲ್ಲಿ ಅದು 11 ಸಂಕೇತ. ಯುಟಿಎಫ್-8ರಲ್ಲಿ 33 ಬೈಟ್. ಊರುಗಳ ಪಟ್ಟಿ ಬರೆಯುವ ಹಳೆಯ ಜಾವಾ ತಂತ್ರಾಂಶವನ್ನು, ಭಾಷೆ ಯಾವುದೆಂದು ಹೇಳದ ಕಂಟೇನರಿನಲ್ಲಿ ಓಡಿಸಿ ನೋಡಿ. ಕಡತಕ್ಕೆ ಬೀಳುವುದು 11 ಪ್ರಶ್ನೆಚಿಹ್ನೆ. ಎಚ್ಚರಿಕೆಯ ಒಂದು ಸಾಲೂ ಬರುವುದಿಲ್ಲ.

ಪೈಥಾನ್ 3.6 ಇದೇ ಜಾಗದಲ್ಲಿ ದೋಷ ತೋರಿಸಿ ನಿಂತುಬಿಡುತ್ತಿತ್ತು. ಹಾಗೆ ನಿಲ್ಲುವುದೇ ಮೇಲು: ಅಳಿಸಿಹೋದ ಹೆಸರನ್ನು ಪ್ರಶ್ನೆಚಿಹ್ನೆಯಿಂದ ಮರಳಿ ಪಡೆಯಲಾಗದು. ಪೈಥಾನ್ 2018ರ 3.7ನೇ ಆವೃತ್ತಿಯಲ್ಲಿ ಸರಿಹೋಯಿತು. ಜಾವಾ ಯುಟಿಎಫ್-8 ಅನ್ನು ಕಡತಗಳ ಸಹಜ ಸಂಕೇತವಾಗಿ ಒಪ್ಪಿದ್ದು 2022ರಲ್ಲಿ, 18ನೇ ಆವೃತ್ತಿಯಲ್ಲಿ.

ಕಂಟೇನರಿನಲ್ಲಿ ಹೀಗಾಗುವ ಕಾರಣ ಸರಳ. ಲ್ಯಾಪ್‌ಟಾಪಿನಲ್ಲಿ ಭಾಷೆ, ಸಂಕೇತ ಯಾವುದೆಂದು ಹೇಳುವ 'ಲ್ಯಾಂಗ್' ಎಂಬ ಪರಿಸರ ಚರವನ್ನು ವ್ಯವಸ್ಥೆಯೇ ತುಂಬಿರುತ್ತದೆ. ಕಂಟೇನರ್ ಬರಿಗೈಯಲ್ಲಿ ಹುಟ್ಟುತ್ತದೆ.

ಕನ್ನಡದ ಮೇಲಿನ ಪ್ರೀತಿಯಿಂದ ಅಲ್ಲಿ 'ಕೆಎನ್_ಐಎನ್.ಯುಟಿಎಫ್-8' ಎಂದು ಬರೆಯುವವರಿದ್ದಾರೆ. ಡೆಬಿಯನ್ನಿನ ಸ್ಲಿಮ್ ಇಮೇಜಿನಲ್ಲಿ ಆ ಲೊಕೇಲ್, ಅಂದರೆ ಆ ಭಾಷೆಯ ಹೊಂದಿಕೆ, ಇರುವುದೇ ಇಲ್ಲ; ವ್ಯವಸ್ಥೆ ಮೌನವಾಗಿ ಹಳೆಯ 'ಸಿ' ಲೊಕೇಲಿಗೆ ಮರಳುತ್ತದೆ. ಇಮೇಜಿನ ಜೊತೆಗೇ ಬರುವ 'ಸಿ.ಯುಟಿಎಫ್-8' ಎಂದು ಬರೆದರೆ ಅಕ್ಷರಗಳು ಉಳಿಯುತ್ತವೆ.

ಅದನ್ನು ಎಲ್ಲಿ ಬರೆಯಬೇಕು ಎಂಬುದರಲ್ಲೇ ಹೆಚ್ಚು ಜನ ಎಡವುತ್ತಾರೆ. ಆರಂಭದ ಶೆಲ್ ಸ್ಕ್ರಿಪ್ಟಿನಲ್ಲಿ ಎಕ್ಸ್‌ಪೋರ್ಟ್ ಮಾಡುವ ರೂಢಿ ವ್ಯಾಪಕ, ಆದರೆ ದುರ್ಬಲ. ಕುಬರ್ನೆಟೀಸ್ ಕಡತದಲ್ಲಿ ಯಾರಾದರೂ 'ಕಮಾಂಡ್' ಎಂದು ಒಂದು ಸಾಲು ಸೇರಿಸಿದರೆ ಅದು ಇಮೇಜಿನ ಎಂಟ್ರಿಪಾಯಿಂಟನ್ನೇ ಬದಲಿಸುತ್ತದೆ. ಸ್ಕ್ರಿಪ್ಟ್ ಓಡುವುದಿಲ್ಲ, ಅದರೊಳಗಿನ ಲ್ಯಾಂಗ್ ಕೂಡ ಹೋಯಿತು. ಡಾಕರ್‌ಫೈಲಿನ 'ಇಎನ್‌ವಿ' ಸಾಲಿಗೆ ಈ ಭಯವಿಲ್ಲ, ಆರಂಭದ ಆದೇಶ ಬದಲಾದರೂ ಅದು ಉಳಿಯುತ್ತದೆ. ಸ್ಕ್ರಿಪ್ಟ್ ಬೇಕೇ ಬೇಕೆಂದರೆ ಕೊನೆಯ ಸಾಲು 'ಎಕ್ಸೆಕ್'ನಿಂದ ಶುರುವಾಗಲಿ. ಇಲ್ಲವಾದರೆ ಡಾಕರ್ ಕಳಿಸುವ ನಿಲುಗಡೆಯ ಸೂಚನೆ ಶೆಲ್ಲಿನಲ್ಲೇ ಉಳಿದು, 10 ಸೆಕೆಂಡಿನ ನಂತರ ತಂತ್ರಾಂಶ ಬಲವಂತವಾಗಿ ಸಾಯುತ್ತದೆ, ಬರೆಯುತ್ತಿದ್ದ ಪಟ್ಟಿ ಅರ್ಧಕ್ಕೇ ನಿಲ್ಲುತ್ತದೆ.

'ಸಿ.ಯುಟಿಎಫ್-8'ಗೂ ಒಂದು ಮಿತಿಯಿದೆ. ಅದು ಯುನಿಕೋಡ್ ಸಂಖ್ಯೆಯ ಕ್ರಮದಲ್ಲಿ ಜೋಡಿಸುವುದರಿಂದ ಚೌಳಹಿರಿಯೂರಿನ 'ಳ' ಅಲ್ಲಿ 'ವ'ಕ್ಕಿಂತ ಮೊದಲು ಬರುತ್ತದೆ. ನಮ್ಮ ವರ್ಣಮಾಲೆಯಲ್ಲಿ ಅದರ ಜಾಗ 'ಹ'ದ ನಂತರ. ಊರುಗಳ ಪಟ್ಟಿ ಅಕಾರಾದಿಯಾಗಿ ಬೇಕೆಂದರೆ ಜೋಡಿಸುವ ಕೆಲಸವನ್ನು ತಂತ್ರಾಂಶದೊಳಗೇ ಮಾಡಬೇಕು.